ನಾಲ್ಕು ಗಂಟೆಯ ಮೌಶಿ

“ತಮ್ಮಾ, ನಿನ್ನ ಬೆನ್ನು ಗಟ್ಟಿ ಅದ ಏನು?”

ಮೌಶಿ ನನ್ನೊಡನೆ ಆಡಿದ ಮೊದಲ ಮಾತು ಇದು. ಹೈಡೆಲ್‌ಬರ್ಗಿನಲ್ಲಿ ಕನ್ನಡಿಗರು ಸೇರಿ ಮಾಡಿದ ಯುಗಾದಿ ಊಟ. ಗ್ರೀನ್ ಕಾರ್ಡ್ ಎಂಬ ಐದು ವರ್ಷದ ಪರವಾನಗಿ ಹಿಡಿದು ಬಂದಿಳಿದಿದ್ದ ನಮ್ಮಂಥ ಕಂಪ್ಯೂಟರ್ ಮಂದಿ ಒಂದು ಕಡೆ. ನಾವು ಹುಟ್ಟುವ ಮೊದಲೇ ಬಂದು ನೆಲೆಸಿ, ಕನ್ನಡದಲ್ಲಿ ಕೇಳಿದ ಮಾತಿಗೆ ಮಕ್ಕಳಿಂದ ಜರ್ಮನ್ನಿನಲ್ಲಿ ಉತ್ತರ ಪಡೆಯುತ್ತಿದ್ದ ಡಾಕ್ಟರುಗಳು, ಪ್ರೊಫೆಸರುಗಳು ಇನ್ನೊಂದು ಕಡೆ. ಆ ಕಡೆಯಿಂದ ಒಬ್ಬೊಬ್ಬರೇ ಎದ್ದು ಬಂದು ಯಾವ ಕಾಲೇಜು, ಎಷ್ಟು ಪರ್ಸೆಂಟ್, ಐದು ವರ್ಷವಾದ ಮೇಲೆ ಏನು ಎಂದು ವಿಚಾರಿಸಿ ಹೋಗುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣಿಗೂ ಇಷ್ಟು ಪ್ರಶ್ನೆ ಬೀಳುವುದಿಲ್ಲ. ಅಷ್ಟರಲ್ಲಿ ಇಳಕಲ್ ಸೀರೆಯ ಮೇಲೆ ಗಂಡಸರ ಉಣ್ಣೆ ಕೋಟು ತೊಟ್ಟ, ಅರವತ್ತರ ಹತ್ತಿರದ ಕುಳ್ಳ ಹೆಂಗಸೊಬ್ಬರು ಬಂದು ನನ್ನ ಬೆನ್ನಿನ ಯೋಗಕ್ಷೇಮ ಕೇಳಿದರು. ಗಟ್ಟಿ ಇದೆ ಎಂದೆ. ನಾನಿರುವುದೂ ಡಾರ್ಮ್‌ಸ್ಟಾಟ್‌ನಲ್ಲೇ ಎಂದು ತಿಳಿದದ್ದೇ ತಡ, ಬರುವ ಭಾನುವಾರ ಮಧ್ಯಾಹ್ನ ಮನೆಗೆ ಬಾ, ಒಂದು ಪೆಟ್ಟಿಗೆ ಎತ್ತುವುದಿದೆ ಎಂದು ವಿಳಾಸ ಹೇಳಿದರು. ಆಮೇಲೆ ಹೋಳಿಗೆಗೆ ತುಪ್ಪ ಸಾಲದೆಂದು ಗೊಣಗುತ್ತ ಅಡುಗೆಮನೆಗೆ ಹೋದರು.

ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಊರಿನ ಕನ್ನಡದವರಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ಜರ್ಮನ್ನರ ಬಾಯಲ್ಲಿ ಅದು ಹೇಗೆ ಹೇಗೋ ಹೊರಳಿದರೂ ಅವರಿಗೂ ಮೌಶಿಯೇ. ಧಾರವಾಡದ ಮಾಳಮಡ್ಡಿಯವರು. ಔಷಧ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ ದುಡಿದು ನಿವೃತ್ತಿಯ ಅಂಚಿಗೆ ಬಂದಿದ್ದ ರಸಾಯನಶಾಸ್ತ್ರಜ್ಞೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಭಾನುವಾರ ಬಿಡುವಿರಲಿಲ್ಲ ಎಂದಿದ್ದರಂತೆ. ಅದು ತಮಾಷೆ ಎಂದು ನಾನು ತಿಳಿದಿದ್ದೆ. ಪೆಟ್ಟಿಗೆ ಎತ್ತಿದ ಮೇಲೆ ಅದರಲ್ಲಿ ಅರ್ಧ ನಿಜ ಎಂದು ಗೊತ್ತಾಯಿತು.

ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಗಳಿರಬೇಕು ಅಂದುಕೊಂಡಿದ್ದೆ. ಇದ್ದದ್ದು ಗ್ರಾಮಫೋನ್ ರೆಕಾರ್ಡುಗಳು. ತಿಂಡಿ ತಟ್ಟೆಯಷ್ಟು ಅಗಲ, ಬದಿಗೊಂದೇ ಹಾಡು. ಟ್ರ್ಯಾಮಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಅದರಲ್ಲಿ ಪೆಟ್ಟಿಗೆಯನ್ನು ಕೂಡಿಸಿ ನಾವಿಬ್ಬರೂ ನಿಂತು ಹೋದೆವು. ದಾರಿಯಲ್ಲಿ ಮೌಶಿ ನನಗೆ ಸೋಲ್ ಸಂಗೀತದ ಪಾಠ ಮಾಡಿದರು. ಅಮೆರಿಕದ ಕಪ್ಪು ಜನರ ಹಾಡು. ಚರ್ಚಿನ ಭಜನೆ ಬೀದಿಗೆ ಬಂದು ಪ್ರೇಮದ ಮಾತು ಕಲಿತರೆ ಹೇಗೋ ಹಾಗೆ. ಡಾರ್ಮ್‌ಸ್ಟಾಟ್‌ನಲ್ಲಿ ಅಮೆರಿಕನ್ ಸೈನಿಕರ ಬಿಡಾರಗಳಿದ್ದವು. ಸಿಪಾಯಿಗಳು ಊರಿಗೆ ಮರಳುವಾಗ ಎರಡನ್ನು ಬಿಟ್ಟು ಹೋಗುತ್ತಿದ್ದರಂತೆ, ಒಂದು ಪ್ರೇಯಸಿ, ಇನ್ನೊಂದು ರೆಕಾರ್ಡು. ರೆಕಾರ್ಡುಗಳೆಲ್ಲ ಮೆಲ್ಲಗೆ ಹುಚ್ಚರ ಕೈ ಸೇರಿದವು. ಆ ಹುಚ್ಚರು ತಿಂಗಳಿಗೊಮ್ಮೆ ಒಂದು ಕಡೆ ಸೇರಿ ಅವನ್ನು ಹಾಕಿಕೊಂಡು ಕುಣಿಯುತ್ತಿದ್ದರು.

ಚರ್ಚಿನ ಮಗ್ಗುಲಲ್ಲಿ ಮರದ ನೆಲದ ಒಂದು ಹಾಲ್. ಮೊದಲೆಲ್ಲ ಕುಣಿತ ಶನಿವಾರ ರಾತ್ರಿ ಶುರುವಾಗಿ ಭಾನುವಾರ ಬೆಳಗಿನವರೆಗೆ ನಡೆಯುತ್ತಿತ್ತಂತೆ. ಕುಣಿಯುವವರ ವಯಸ್ಸು ಏರಿದಂತೆಲ್ಲ ಹೊತ್ತು ಇಳಿದು, ನಾನು ಹೋಗುವ ಹೊತ್ತಿಗೆ ಭಾನುವಾರ ಮಧ್ಯಾಹ್ನ ಎರಡರಿಂದ ಆರಕ್ಕೆ ಬಂದು ನಿಂತಿತ್ತು, ನಡುವೆ ಕಾಫಿ ಮತ್ತು ಕೇಕ್. ರೆಕಾರ್ಡು ಹಾಕುವ ಡಿಜೆಗಳಲ್ಲಿ ಒಬ್ಬರಿಗೆ ಕಿವಿಯ ಮಶೀನು, ಇನ್ನೊಬ್ಬರಿಗೆ ಎದೆಯಲ್ಲಿ ಪೇಸ್‌ಮೇಕರ್. ನೆಲದ ಮೇಲೆ ಜಾರಲು ಸುಲಭವಾಗಲೆಂದು ಪೌಡರ್ ಉದುರಿಸುವುದು ಅಲ್ಲಿಯ ಪದ್ಧತಿ. ಪೌಡರ್ ಸರಬರಾಜು ಮೌಶಿಯದು, ಊರಿನಿಂದ ಬರುವವರೆಲ್ಲ ಅವರಿಗೆ ಡಬ್ಬಿ ತರಬೇಕು. ಇಡೀ ಹಾಲ್ ನಮ್ಮ ಕಡೆಯ ಹಸುಗೂಸಿನ ಹಾಗೆ ಘಮಘಮಿಸುತ್ತಿತ್ತು. ಹಾಲ್ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಮಾತ್ರ ಮರುದಿನ ಪೊರಕೆ ಹಿಡಿದು ಇಡೀ ಭಾರತಕ್ಕೆ ಶಾಪ ಹಾಕುತ್ತಿದ್ದ.

ಬೀದಿಯಲ್ಲಿ ಮೌಶಿಯದು ನಿಧಾನದ ನಡಿಗೆ. ಆ ನೆಲ ಹತ್ತಿದರೆ ಬೇರೆಯೇ ಮನುಷ್ಯೆ. ಸೀರೆಯನ್ನು ಒಂದು ಗೇಣು ಮೇಲೆ ಕಟ್ಟಿ, ತೊಗಲಿನ ಅಟ್ಟೆಯ ಬೂಟು ಹಾಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಜಾರಿ ಬಿಡುತ್ತಿದ್ದರು. ಮುಖದಲ್ಲಿ ಮಾತ್ರ ತರಕಾರಿ ಆರಿಸುವವರ ಗಾಂಭೀರ್ಯ. ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ: ಕಾಲಿನವರು ಮತ್ತು ಕಿವಿಯವರು. ನನ್ನನ್ನು ಒಂದೇ ಹಾಡಿಗೆ ಅಳೆದು, ನೀ ಕಿವಿಯಂವ, ಹೋಗಿ ಕೇಕ್ ತಿನ್ನು ಎಂದು ಕೂಡಿಸಿದರು. ಆವತ್ತಿನಿಂದ ನನ್ನ ಕೆಲಸ ಪೆಟ್ಟಿಗೆ ಎತ್ತುವುದು ಮತ್ತು ಕೇಕ್ ತಿನ್ನುವುದು.

ರೆಕಾರ್ಡು ಹಾಕಲು ಒಬ್ಬೊಬ್ಬ ಡಿಜೆಗೆ ಒಂದೊಂದು ತಾಸು, ನಾಲ್ಕರಿಂದ ಐದು ಮೌಶಿಯದು. ಕಾಫಿ ಮುಗಿದು ಎಲ್ಲರಿಗೂ ಒಂದಿಷ್ಟು ಜೀವ ಬಂದಿರುವ, ಇನ್ನೂ ಯಾರಿಗೂ ಮೊಣಕಾಲು ನೋವು ಶುರುವಾಗದ ಹೊತ್ತು. ಇಡೀ ದಿನದಲ್ಲಿ ಅದೇ ಚಲೋ ತಾಸು. ಸರದಿಯಲ್ಲಿ ಕಾದು ಕಾದು ಅವರಿಗೆ ಅದು ಸಿಕ್ಕಿತ್ತು. ಯಾಕೆಂದರೆ ಅಲ್ಲಿಯ ನಿಯಮ ಮಠಗಳ ಪಟ್ಟಾಭಿಷೇಕದಂಥದು: ಇದ್ದವರು ಹೋಗದ ಹೊರತು ಹೊಸಬರು ಕೂಡುವಂತಿಲ್ಲ. ಈ ನಿಯಮದ ಕಾವಲುಗಾರ ಹೊರ್ಸ್ಟ್. ಟ್ರ್ಯಾಮ್ ಓಡಿಸಿ ನಿವೃತ್ತನಾದ, ಆರಡಿ ಎತ್ತರದ, ಮಿತಭಾಷಿ. ತನ್ನ ಬಳಿ ಇದ್ದ ಅಪರೂಪದ ರೆಕಾರ್ಡುಗಳ ನಟ್ಟನಡುವಿನ ಹೆಸರಿನ ಚೀಟಿಗೆ ಕಂದು ಕಾಗದ ಅಂಟಿಸಿರುತ್ತಿದ್ದ. ಹಾಡಿದವರು ಯಾರು, ಹಾಡು ಯಾವುದು ಎಂದು ಬೇರೆ ಡಿಜೆಗಳಿಗೆ ತಿಳಿಯಬಾರದು, ತಿಳಿದರೆ ಅವರೂ ಹುಡುಕಿ ತಂದುಬಿಡುತ್ತಾರೆ. ಇದು ಆ ವರ್ಗದ ಹಳೆಯ ರಿವಾಜು. ನನಗೆ ನಗು ಬಂತು. ಮೌಶಿಗೆ ಬರಲಿಲ್ಲ. ನಮ್ಮ ಕಡೆಯ ಉಸ್ತಾದರು ಅಪರೂಪದ ಚೀಜನ್ನು, ಅಂದರೆ ಮನೆತನದ ಹಾಡನ್ನು, ಶಿಷ್ಯನಿಗೆ ಕಲಿಸದೆ, ಮಗಳ ಮದುವೆಯಲ್ಲಿ ಅಳಿಯನಿಗೆ ಬಳುವಳಿಯಾಗಿ ಕೊಡುತ್ತಿದ್ದ ಕಥೆ ಹೇಳಿದರು. ಮಗಳೇ ಇಲ್ಲದ ಉಸ್ತಾದರ ಗತಿ ಏನು ಎಂದೆ. ಅಂಥವರ ಜೊತೆ ಚೀಜೂ ಮಣ್ಣಿಗೆ ಹೋಯಿತು ಎಂದರು, ಹೊರ್ಸ್ಟ್‌ನ ಕಡೆ ನೋಡುತ್ತ. ಹೊರ್ಸ್ಟ್‌ಗೆ ಮಕ್ಕಳಿರಲಿಲ್ಲ.

ನಾನು ಹೋಗತೊಡಗಿದ ಮೊದಲ ಚಳಿಗಾಲದಲ್ಲೇ ಹಾಲ್ ತೆಳ್ಳಗಾಯಿತು. ಒಬ್ಬರಿಗೆ ಸೊಂಟದ ಆಪರೇಶನ್, ಇನ್ನೊಬ್ಬರು ಮಗಳ ಊರಿಗೆ, ಒಬ್ಬರಂತೂ ದೇವರ ಪಾದಕ್ಕೆ. ಒಂದು ಭಾನುವಾರ ಹೌಸ್‌ಮೈಸ್ಟರ್ ಬಂದು, ಮಂದಿ ಹೀಗೇ ಕಡಿಮೆಯಾದರೆ ಬೇಸಿಗೆಯಿಂದ ಹಾಲನ್ನು ಚರ್ಚಿನ ಹಾಡುಗಾರರ ತಂಡಕ್ಕೆ ಕೊಡುವುದಾಗಿ ಹೇಳಿ ಹೋದ. ಅವನ ದನಿಯಲ್ಲಿ ಪೌಡರಿನಿಂದ ಬಿಡುಗಡೆಯಾಗುವ ಸಂತೋಷವಿತ್ತು.

ಆ ಸಂಜೆ ಟ್ರ್ಯಾಮಿನಲ್ಲಿ ಮೌಶಿ ಸೀಟು ಖಾಲಿಯಿದ್ದರೂ ಕೂಡಲಿಲ್ಲ. ಜರ್ಮನಿಯ ಭಾನುವಾರ ಗೊತ್ತಿದ್ದವರಿಗೆ ಗೊತ್ತು: ಅಂಗಡಿ ಬಾಗಿಲು ಹಾಕಿ, ಬೀದಿ ಬಣಗುಟ್ಟಿ, ನೆರೆಯವರು ಕಿಟಕಿ ಮುಚ್ಚಿ, ಒಬ್ಬಂಟಿಗರಿಗೆ ತಮ್ಮ ಗಡಿಯಾರದ ಸದ್ದೂ ಕೇಳುವ ದಿನ. ಮೌಶಿ ಕಿಟಕಿಯ ಕಡೆ ಮುಖ ಮಾಡಿ, “ಇದು ಮುಚ್ಚಿದ್ರ ನನಗ ಭಾನುವಾರನ ಇರೂದಿಲ್ಲ ನೋಡು” ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ.

ಮುಂದಿನ ತಿಂಗಳು ಅವರು ಹಿರಿಯರನ್ನೆಲ್ಲ ಕೂಡಿಸಿದರು. ಅವಲಕ್ಕಿ ಚೂಡಾದ ಡಬ್ಬಿ ತೆರೆದಿಟ್ಟು, ಎಲ್ಲರ ಬಾಯೂ ತುಂಬಿದ್ದಾಗ, ಹೊಸಬರಿಗೆ ರೆಕಾರ್ಡು ಹಾಕಲು ಕೊಡಬೇಕೆಂದು ಹೇಳಿದರು. ಕುಣಿಯಲು ಬನ್ನಿ ಎಂದರೆ ಎಳೆಯರು ಬರುವುದಿಲ್ಲ, ಹಾಕಲು ಕೊಟ್ಟರೆ ತಮ್ಮ ಗೆಳೆಯರನ್ನೂ ಕರೆದುಕೊಂಡು ಬರುತ್ತಾರೆ ಎಂಬುದು ಅವರ ಲೆಕ್ಕ. ಹೊರ್ಸ್ಟ್ ಚೂಡಾ ನುಂಗಿ, ಯಾವ ಹಿರಿಯನ ತಾಸು ಕೊಡುವುದು ಎಂದು ಕೇಳಿದ. ಉಳಿದವರ ಕೈಗಳೆಲ್ಲ ಮತ್ತೆ ಚೂಡಾದ ಡಬ್ಬಿಗೆ ಹೋದವು. “ನಂದು” ಎಂದರು ಮೌಶಿ. ಹಾಗಾದರೆ ನೀನು ಯಾವಾಗ ಹಾಕುತ್ತೀ ಎಂದ. ನನಗೆ ಕಾಲಿವೆಯಲ್ಲ, ನಾನು ಕುಣಿಯುತ್ತೇನೆ ಎಂದರು.

ಹೊಸಬರೆಂದು ಮೊದಲು ಸಿಕ್ಕಿದ್ದು ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಬೆಳಗಾವಿಯ ಸಂಜು. ನನ್ನ ಹಾಗೇ ಗ್ರೀನ್ ಕಾರ್ಡಿನವನು. ಅವನ ಸೋದರಮಾವ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಸೂಟಿಯೆಲ್ಲ ಕಂಪನಿಯ ಡೇರೆಯಲ್ಲೇ ಕಳೆದವನು. ಕಾಲೂ ಇತ್ತು, ಕಿವಿಯೂ ಇತ್ತು. ಮೌಶಿ ಅವನಿಗೆ ತಮ್ಮ ಪೆಟ್ಟಿಗೆ ಒಪ್ಪಿಸಿ, ನಾಲ್ಕಕ್ಕೆ ಐದು ನಿಮಿಷವಿರುವಾಗ ಹಾಲಿನ ತುಂಬ ಓಡಾಡಿ, ಹುಡುಗ ಹೊಸಬ, ಮೊದಲನೆಯ ಹಾಡಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಎಂದು ತಾಕೀತು ಮಾಡಿ ಬಂದರು. ಕೆಟ್ಟದ್ದೆಲ್ಲ ಅಲ್ಲಿಂದ ಶುರುವಾಯಿತು.

ಸಂಜು ಮೊದಲ ರೆಕಾರ್ಡು ಹಾಕಿದ. ಒಳ್ಳೆಯ ಹಾಡು, ನಾಲ್ಕಾರು ಜನ ಕುಣಿದರು. ಮುಗಿದ ಕೂಡಲೇ ಒಪ್ಪಿಕೊಂಡಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಟಕ ಕಂಪನಿಯಲ್ಲಿ ಬೆಳೆದವನಿಗೆ ಚಪ್ಪಾಳೆ ಎಂದರೆ ಒಂದೇ ಅರ್ಥ, ವನ್ಸ್ ಮೋರ್. ಸತ್ತು ಬಿದ್ದ ನಾಯಕನೂ ಎದ್ದು ಕೂತು ಹಾಡನ್ನು ಮತ್ತೊಮ್ಮೆ ಹಾಡಿ ಆಮೇಲೆ ಸಾಯಬೇಕು. ಸಂಜು ಮುಳ್ಳನ್ನು ಎತ್ತಿ ಅದೇ ರೆಕಾರ್ಡಿನ ಮೇಲೆ ಇಟ್ಟ. ಒಂದೇ ರೆಕಾರ್ಡನ್ನು ಒಂದೇ ದಿನ ಎರಡು ಸಲ ಹಾಕುವುದು ಅವರ ಲೋಕದಲ್ಲಿ ಮಡಿಯಲ್ಲಿದ್ದವರ ತಟ್ಟೆಗೆ ಕೈ ಹಾಕಿದ ಹಾಗೆ. ಹಾಲಿಗೆ ಗರ ಬಡಿದಂತಾಯಿತು. ಹಾಡು ಮುಗಿದಾಗ ಪಾಪ, ಜರ್ಮನ್ನರು ಏನು ಮಾಡುವುದೆಂದು ತೋಚದೆ ಮರ್ಯಾದೆಗೆಂದು ಮತ್ತೆ ಚಪ್ಪಾಳೆ ತಟ್ಟಿದರು. ಸಂಜು ನನ್ನ ಕಡೆ ನೋಡಿ ಬೀಗಿದ. ಮೂರನೆಯ ಸಲ ಮುಳ್ಳು ಕೆಳಗಿಳಿಯಿತು. ಹೊರ್ಸ್ಟ್ ಕಾಫಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ತನ್ನ ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟ. ನೆಲದ ಮೇಲೆ ಉಳಿದವರು ಮೌಶಿ ಒಬ್ಬರೇ. ನಕ್ಕು ನಕ್ಕು ಕಣ್ಣೀರು ಸುರಿಸುತ್ತ ಮೂರನೆಯ ಸಲವೂ ಪೂರ್ತಿ ಕುಣಿದರು.

ನಗುವುದು ಅಲ್ಲಿಗೆ ಮುಗಿಯಿತು. ಹೊರ್ಸ್ಟ್ ಇನ್ನು ಬರುವುದಿಲ್ಲ ಎಂದು ಸುದ್ದಿ ಬಂತು. ಅವನು ಬರದಿದ್ದರೆ ಅವನ ಹಿಂದಿನ ನಾಲ್ಕಾರು ಹಿರಿಯರೂ ಬರುವುದಿಲ್ಲ. ಅವರೂ ಇಲ್ಲವೆಂದರೆ ಬೇಸಿಗೆಯವರೆಗೂ ಕಾಯಬೇಕಿಲ್ಲ, ಹೌಸ್‌ಮೈಸ್ಟರ್ ಆಗಲೇ ಗೆದ್ದ. ಸಂಜು ನಾಚಿಕೆಯಿಂದ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. “ಮೌಶಿ, ನನ್ನಿಂದ ನಿಮ್ಮ ಮನಿ ಮುರದಂಗ ಆತರಿ, ನಾ ಇನ್ನ ಆ ಕಡೆ ಬರೂದಿಲ್ರಿ” ಎಂದು ಫೋನಿನಲ್ಲಿ ಹೇಳಿದ. ಮೌಶಿ, ಬರುವ ಶನಿವಾರ ನನ್ನನ್ನೂ ಕರೆದುಕೊಂಡು ಊಟಕ್ಕೆ ಬರಲು ಅವನಿಗೆ ಹೇಳಿದರು. ಊಟಕ್ಕೆ ಹೊರ್ಸ್ಟ್‌ನನ್ನೂ ಕರೆದಿದ್ದರು. ಸಂಜು ಬರುವುದನ್ನು ಅವನಿಗಾಗಲಿ, ಅವನು ಬರುವುದನ್ನು ಸಂಜುವಿಗಾಗಲಿ ಹೇಳಿರಲಿಲ್ಲ.

ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿ ಅರೆದ ರಂಜಕ. ಹೊರ್ಸ್ಟ್ ರಂಜಕವನ್ನು ಜಾಮ್ ಎಂದು ತಿಳಿದು ಚಮಚದಲ್ಲಿ ತೆಗೆದುಕೊಂಡ. ನಾವು ತಡೆಯುವಷ್ಟರಲ್ಲಿ ಬಾಯಿಗೆ ಹೋಗಿತ್ತು. ಆರಡಿಯ ಮನುಷ್ಯ ಬೆವರಿ ಕೆಂಪಾಗಿ ಮೊಸರಿನ ಬಟ್ಟಲು ಹಿಡಿದು ಕೂತ. ಊಟವೆಲ್ಲ ಅವನೂ ಸಂಜುವೂ ಒಬ್ಬರನ್ನೊಬ್ಬರು ನೋಡದೆ ಉಂಡರು. ಕೈ ತೊಳೆಯುವಾಗ ಮೌಶಿ ಸಂಜುವನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಹೋಗು ಎಂದು ಬೆನ್ನಿಗೆ ಗುದ್ದಿ ಕಳಿಸಿದರು.

ಸಂಜು ಹೊರಗೆ ಬಂದು, ಮೌಶಿಯ ಪೆಟ್ಟಿಗೆಯಿಂದ ಒಂದು ರೆಕಾರ್ಡು ತೆಗೆದು, ಹಪ್ಪಳ ಹಿಡಿದ ಹಾಗೆ ಹೆಬ್ಬೆರಳನ್ನು ಹಾಡಿನ ಗೆರೆಗಳ ಮೇಲೆಯೇ ಊರಿ ಹಿಡಿದ. ಹೊರ್ಸ್ಟ್ ಮೊಸರು ಬಿಟ್ಟು ನೆಗೆದು ಎದ್ದ. ರೆಕಾರ್ಡನ್ನು ಕಿತ್ತುಕೊಂಡು, ಅಂಚನ್ನು ಎರಡು ಅಂಗೈಗಳ ನಡುವೆ ಹೇಗೆ ಹಿಡಿಯಬೇಕು ಎಂದು ತೋರಿಸಿದ. ಸಂಜು ಮತ್ತೆ ತಪ್ಪು ಹಿಡಿದ. ಹೊರ್ಸ್ಟ್ ಮತ್ತೆ ತೋರಿಸಿದ. ಒರೆಸುವುದು ಹೇಗೆ, ಮುಳ್ಳು ಇಳಿಸುವುದು ಹೇಗೆ, ಒಂದು ಹಾಡಿನ ಹಿಂದೆ ಎಂಥ ಹಾಡು ಬರಬೇಕು, ಮೊಣಕಾಲು ದಣಿದಾಗ ಎಂಥದನ್ನು ಹಾಕಿ ಜನರನ್ನು ಕೂಡಿಸಬೇಕು ಎಂದು ಶುರುವಾದದ್ದು ಮುಗಿಯಲೇ ಇಲ್ಲ. ನಾನು ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನೋಡಿರಲಿಲ್ಲ. ಮೌಶಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾತ್ರೆ ಒರೆಸುತ್ತ, ಮುದುಕರನ್ನು ಒಲಿಸಿಕೊಳ್ಳಬೇಕಾದರೆ ಅವರೆದುರು ತಪ್ಪು ಮಾಡಬೇಕು, ಸರಿ ಮಾಡಿದವರ ಮೇಲೆ ಅವರಿಗೆ ಸಿಟ್ಟೇ ಬರುವುದು ಎಂದು ಪಿಸುಗುಟ್ಟಿದರು.

ಮರುತಿಂಗಳು ಹೊರ್ಸ್ಟ್ ಬಂದ. ಸಂಜುವಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಾಲ್ಕು ಗಂಟೆಯ ತಾಸಿನುದ್ದಕ್ಕೂ ಅವನ ಕೈಯನ್ನೇ ನೋಡಿದ. ಕೊನೆಯಲ್ಲಿ ತನ್ನ ಪೆಟ್ಟಿಗೆಯಿಂದ ಒಂದು ರೆಕಾರ್ಡು ತೆಗೆದು, ಉಗುರಿನಿಂದ ಕಂದು ಕಾಗದವನ್ನು ಸುಲಿದು, ಸಂಜುವಿನ ಕೈಗೆ ಕೊಟ್ಟ. ಪಕ್ಕದಲ್ಲಿದ್ದ ಕಿವಿಮಶೀನಿನ ಡಿಜೆ ಕತ್ತು ಉದ್ದ ಮಾಡಿ ಓದಲು ನೋಡಿದ. ಹೊರ್ಸ್ಟ್ ಅಂಗೈ ಅಡ್ಡ ಹಿಡಿದ. ಔದಾರ್ಯಕ್ಕೂ ಒಂದು ಮಿತಿ ಇರುತ್ತದೆ.

ಆಮೇಲೆ ಮಂದಿ ಬಂದರು. ಸಂಜು ಆಫೀಸಿನ ಜರ್ಮನ್ ಗೆಳೆಯರನ್ನು ತಂದ, ಅವರು ಯುನಿವರ್ಸಿಟಿಯ ತಮ್ಮ ತಂಗಿಯರನ್ನು ತಂದರು, ಅವರಲ್ಲಿ ಕೆಲವರಿಗೆ ಅಜ್ಜಂದಿರ ಅಟ್ಟದ ಮೇಲೆ ರೆಕಾರ್ಡುಗಳಿದ್ದವು. ನಾಲ್ಕು ಗಂಟೆಯ ತಾಸು ತಿಂಗಳಿಗೊಬ್ಬರಂತೆ ಹೊಸಬರ ಪಾಲಾಯಿತು. ಹಾಲ್ ಉಳಿಯಿತು. ಹೌಸ್‌ಮೈಸ್ಟರ್ ದೊಡ್ಡ ಪೊರಕೆ ಕೊಂಡ. ಎಳೆಯರು ಕೆಟ್ಟದಾಗಿ ಹಾಕಿದಾಗಲೂ ಮೌಶಿ ನೆಲ ಬಿಡುತ್ತಿರಲಿಲ್ಲ. ಇರ್ಲಿ ತೊಗೊ, ಕೈ ಕೂಡಲಿ ಎನ್ನುತ್ತಿದ್ದರು. ಹಿರಿಯರು ತಮ್ಮ ತಾಸಿನಲ್ಲಿ ಒಂದು ತುಣುಕು ಕೊಡಲು ಬಂದರೂ ತೆಗೆದುಕೊಳ್ಳಲಿಲ್ಲ. ಇವೆಲ್ಲ ಅವರಿಗೆ ಸುಲಭವಾಗಿತ್ತೆಂದು ನಾನು ತಿಳಿದಿದ್ದೆ. ಒಂದು ಭಾನುವಾರ ಹೇಳಿದ ಹೊತ್ತಿಗಿಂತ ಮುಂಚೆ ಅವರ ಮನೆಗೆ ಹೋದೆ. ಬಾಗಿಲಿಗೆ ಚಿಲಕವಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು. ಒಳಗೆ ಮೌಶಿ ಕೆಳಗಿನ ಮನೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ತಮ್ಮ ಇಡೀ ತಾಸನ್ನು ಹಾಕುತ್ತಿದ್ದರು. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಎದುರಿಗಿದ್ದ ಫ್ರಿಜ್ಜನ್ನೂ ಕುಕ್ಕರನ್ನೂ ಜನರೆಂಬಂತೆ ಗಮನಿಸಿ, ಹಾಕುತ್ತಿದ್ದರು. ನಾನು ಮೆಟ್ಟಿಲಿಳಿದು ಹೋಗಿ, ಬೀದಿಯಲ್ಲಿ ಒಂದು ಸುತ್ತು ಹಾಕಿ, ಹೇಳಿದ ಹೊತ್ತಿಗೆ ಬಂದು ಗಂಟೆ ಒತ್ತಿದೆ.

ನನ್ನ ಐದು ವರ್ಷ ಮುಗಿಯುತ್ತ ಬಂದಾಗ ಮೌಶಿಗೆ ಮೊಣಕಾಲಿನ ಆಪರೇಶನ್ ಆಗಿ, ಸುಮಾರು ಒಂದು ವರ್ಷ ಅವರು ಹಾಲಿನ ಕಡೆ ಹೋಗಿರಲಿಲ್ಲ. ನಾನು ಊರು ಬಿಡುವ ಮುಂಚಿನ ಭಾನುವಾರ ಕರೆದುಕೊಂಡು ಹೋಗು ಎಂದರು. ಪೆಟ್ಟಿಗೆ ಬೇಡವೇ ಎಂದೆ. ಬೇರೆ ಮನೆ ಹಿಡಿದಿದ್ದ ಸಂಜು ಅದನ್ನು ಆಗಲೇ ಒಯ್ದಾಗಿತ್ತು.

ಬಾಗಿಲಲ್ಲೇ ಸದ್ದು ಕೇಳಿ ನನಗೆ ಎದೆ ತುಂಬಿತು. ಒಳಗೆ ಕಾಲಿಡಲು ಜಾಗವಿಲ್ಲ. ಎದುರಿಗೆ ಇಪ್ಪತ್ತರ ಆಸುಪಾಸಿನ ಹುಡುಗಿ, ಕಿವಿಯಲ್ಲಿ ದೊಡ್ಡ ಬಳೆಯಂಥ ರಿಂಗು, ಬಂದವರನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದಳು. ಮೌಶಿಯ ಸೀರೆ, ಕೈಯ ಕೋಲು ನೋಡಿ, ಪರದೇಶದವರಿಗೆ ತಿಳಿಯಲೆಂದು ಒಂದೊಂದೇ ಶಬ್ದ ಬಿಡಿಸಿ, ನೀವು ಇಲ್ಲಿಗೆ ಹೊಸಬರೇ ಎಂದು ಜರ್ಮನ್ನಿನಲ್ಲಿ ಕೇಳಿದಳು. ನನ್ನ ನೆತ್ತಿಗೆ ಸಿಟ್ಟು ಏರಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೌಶಿ ಕೋಲಿನ ತುದಿಯಿಂದ ನನ್ನ ಕಾಲು ಒತ್ತಿದರು. ಹೌದಮ್ಮ, ಮೊದಲನೆಯ ಸಲ ಎಂದರು. ರೆಕಾರ್ಡು ಹಾಕುತ್ತಿದ್ದ ಸಂಜು ಅವರನ್ನು ಕಂಡು ಮೈಕಿಗೆ ಕೈ ಹಾಕಿದ. ಮೌಶಿ ದೂರದಿಂದಲೇ ಬೆರಳೆತ್ತಿ ತುಟಿಯ ಮೇಲಿಟ್ಟರು. ಅವನು ಕೈ ಹಿಂದೆಗೆದ.

ಹುಡುಗಿ ಮೌಶಿಯನ್ನು ಕೈ ಹಿಡಿದು ಒಳಗೆ ಕರೆದೊಯ್ದಳು. ಕುರ್ಚಿ ಕೊಟ್ಟಳು, ಕೇಕ್ ತಂದಳು, ಸೋಲ್ ಎಂದರೆ ಏನು ಎಂದು ವಿವರಿಸಿದಳು. ಮೌಶಿ ಕಣ್ಣು ಅರಳಿಸಿ ಕೇಳಿದರು. ಒಂದು ನಿಧಾನದ ಹಾಡು ಬಂದಾಗ ಹುಡುಗಿ, ನೋವಾಗದಿದ್ದರೆ ಎರಡು ಹೆಜ್ಜೆ ಕಲಿಸುತ್ತೇನೆ ಎಂದಳು. ಮೌಶಿ ಕೋಲನ್ನು ನನಗೆ ಕೊಟ್ಟು ಎದ್ದರು. ಹುಡುಗಿ ಎಡಕ್ಕೆ ತೋರಿಸಿದರೆ ಬಲಕ್ಕೆ ಹೋದರು. ಹುಡುಗಿ ನಕ್ಕು ಮತ್ತೆ ತೋರಿಸಿದಳು. ಮೂರನೆಯ ಸಲಕ್ಕೆ ಹೆಜ್ಜೆ ಸರಿಯಾಗಿ ಬಂದಿತು. ಹುಡುಗಿ ಚಪ್ಪಾಳೆ ತಟ್ಟಿ, ನೀವು ಬೇಗ ಕಲಿಯುತ್ತೀರಿ, ಮುಂದಿನ ತಿಂಗಳು ಖಂಡಿತ ಬರಬೇಕು ಎಂದು ಮಾತು ತೆಗೆದುಕೊಂಡಳು.

ಮರಳಿ ಬರುವಾಗ ಟ್ರ್ಯಾಮಿನಲ್ಲಿ ನಾನು ಇನ್ನೂ ಕುದಿಯುತ್ತಿದ್ದೆ. ಈ ಹಾಲ್ ಉಳಿದದ್ದು ಯಾರಿಂದ ಎಂದು ಆ ಹುಡುಗಿಗೆ ಹೇಳಬೇಕಿತ್ತು ಎಂದೆ. ಮೌಶಿ ನನ್ನ ಕಡೆ ತಿರುಗಿದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

“ನಾ ಹರೇದಾಕಿ ಇದ್ದಾಗ ಮೊದಲನೇ ಸಲ ಆ ಬಾಗಲದಾಗ ಬಂದು ನಿಂತಿದ್ದೆ, ತಮ್ಮಾ. ಗ್ವಾಡಿ ಹಿಡದು ನಿಂತೆ. ಮುಂದಿನ ತಿಂಗಳೂ ನಿಂತೆ. ಒಂದು ವರ್ಷ ಹಂಗ ನಿಂತೇನಿ. ನೀ ಹೊಸಬಳೇನು ಅಂತ ಒಬ್ಬರರೆ ಬಂದು ಕೇಳಲಿಲ್ಲ. ಇವತ್ತ ಕೇಳಿದ್ರು ನೋಡು.”

ಅಷ್ಟರಲ್ಲಿ ಅವರ ನಿಲ್ದಾಣ ಬಂತು. ನಾನು ಕೈ ಹಿಡಿಯಲು ಎದ್ದೆ, ಬೇಡವೆಂದರು. ಮುಂದಿನ ತಿಂಗಳು ತಪ್ಪಿಸುವ ಹಾಗಿಲ್ಲ, ಹೊಸಬರು ತಪ್ಪಿಸಿದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿ, ಕೋಲೂರಿಕೊಂಡು ತಾವೇ ಇಳಿದು ಹೋದರು.